ಇಂಗ್ಲೆಂಡಿನ ಜೀವವರ್ಷಾಶನಗಳೂ ರಾಜಶಾಸನವೂ

ಕನ್ನಡದಲ್ಲಿ ವರ್ಷಾಶನವೆಂಬ ಮಾತು ಅರಸರೂ ಮಠಗಳೂ ವಿದ್ವಾಂಸರಿಗೆ ವರ್ಷವರ್ಷವೂ ಕೊಡುತ್ತಿದ್ದ ದ್ರವ್ಯಕ್ಕೆ ಸಲ್ಲುತ್ತದೆ. ಅದು ದಾನವಾಗಿ ಬಂದುದು, ಕ್ರಯಕ್ಕೆ ಕೊಂಡುದಲ್ಲ. ಪಶ್ಚಿಮ ದೇಶಗಳಲ್ಲಾದರೋ ಇಂತಹ ಆದಾಯವನ್ನು ಹಣ ತೆತ್ತು ಕೊಳ್ಳುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ಒಂದು ಮೊತ್ತವನ್ನು ಒಂದೇ ಸಲಕ್ಕೆ ಒಪ್ಪಿಸಿದವನು ತಾನು ಬದುಕಿರುವವರೆಗೆ ಗೊತ್ತಾದ ಹಣವನ್ನು ವರ್ಷಂಪ್ರತಿ ಪಡೆಯುತ್ತಾನೆ. ಸತ್ತೊಡನೆ ಅದು ನಿಲ್ಲುತ್ತದೆ, ಅಸಲು ಹಿಂದಿರುಗದು. ಬೇಗನೆ ತೀರಿಕೊಂಡವರ ಹಣವು ದೀರ್ಘಾಯುಗಳನ್ನು ಪೋಷಿಸುತ್ತದೆ. ದುಡಿಮೆ ನಿಂತ ಮುಪ್ಪಿನ ಕಾಲಕ್ಕೆ ಇದಕ್ಕಿಂತ ತಕ್ಕ ಏರ್ಪಾಟು ದೊರೆಯುವುದು ಕಷ್ಟವೆಂದು ಅರ್ಥಶಾಸ್ತ್ರಜ್ಞರಲ್ಲಿ ಅನೇಕರು ಹೇಳುತ್ತಾರೆ. ಇಂತಹ ಜೀವವರ್ಷಾಶನದ ಬೆಲೆಯನ್ನು ಕೊಳ್ಳುವವನ ವಯಸ್ಸೂ ಬಡ್ಡಿಯ ದರವೂ ಮಾತ್ರವೇ ನಿರ್ಣಯಿಸಬೇಕೆಂದು ತೋರುವುದು ಸಹಜ. ಆದರೆ ಇಂಗ್ಲೆಂಡಿನ ಚರಿತ್ರೆಯನ್ನು ಪರಿಶೀಲಿಸಿದರೆ, ಅದನ್ನು ಯಾರು ಕೊಳ್ಳುವರು, ಯಾವಾಗ ಕೊಳ್ಳುವರು, ಕೊಂಡವರ ಕೈಯಲ್ಲಿ ಎಷ್ಟು ಉಳಿಯುವುದು ಎಂಬುದನ್ನೆಲ್ಲ ಪಾರ್ಲಿಮೆಂಟಿನ ಕಾಯಿದೆಗಳೇ ಹೆಚ್ಚಾಗಿ ನಿರ್ಧರಿಸಿದುವೆಂದು ವಿದಿತವಾಗುತ್ತದೆ.

ಮೊದಲಲ್ಲಿ ಸರಕಾರವೇ ಮಾರುವವನಾಗಿದ್ದಿತು. ಫ್ರಾನ್ಸಿನೊಡನೆ ನಡೆಯುತ್ತಿದ್ದ ಯುದ್ಧದ ವೆಚ್ಚಕ್ಕಾಗಿ ಮೂರನೆಯ ವಿಲಿಯಮನ ಸರಕಾರವು 1693ರಲ್ಲಿ ಹತ್ತು ಲಕ್ಷ ಪೌಂಡುಗಳನ್ನು ಎತ್ತಲು ಹೊರಟು, ಬೀರು ಮದ್ಯದ ಮೇಲಣ ಸುಂಕವನ್ನು ಅದಕ್ಕೆ ಆಧಾರವಾಗಿ ಕೊಟ್ಟಿತು. ಸತ್ತವರ ಪಾಲು ಬದುಕಿದವರಿಗೆ ಸೇರುವ ‘ಟಾಂಟೀನ್’ ಎಂಬ ಏರ್ಪಾಟಿಗೆ ಬಂದ ಹಣವು 1,08,100 ಪೌಂಡು ಮಾತ್ರ. ಉಳಿದುದನ್ನು ನೂರಕ್ಕೆ 14ರ ಜೀವವರ್ಷಾಶನಗಳನ್ನು ಮಾರಿ ಎತ್ತಬೇಕಾಯಿತು. ಇದರಲ್ಲಿ ವಯಸ್ಸನ್ನು ಕೇಳುವ ನಿಯಮವೇ ಇರಲಿಲ್ಲ. ಹತ್ತು ವರ್ಷದ ಹುಡುಗನಿಗೂ ಎಪ್ಪತ್ತರ ಮುದುಕನಿಗೂ ಒಂದೇ ದರ. ಅದೇ ವರ್ಷ ಖಗೋಳಶಾಸ್ತ್ರಜ್ಞನಾದ ಎಡ್ಮಂಡ್ ಹ್ಯಾಲಿಯು ಬ್ರೆಸ್ಲಾ ಪಟ್ಟಣದ ಜನನ ಮರಣಗಳ ಲೆಕ್ಕದಿಂದ ಒಂದು ಪಟ್ಟಿಯನ್ನು ರಚಿಸಿ ಪ್ರಕಟಿಸಿದನು. ನೂರಕ್ಕೆ 6ರ ಬಡ್ಡಿಯಲ್ಲಿ ಹತ್ತು ವರ್ಷದವನ ವರ್ಷಾಶನದ ನಿಜವಾದ ಬೆಲೆಯು ವಾರ್ಷಿಕ ಮೊತ್ತದ 13.44ರಷ್ಟು, ಐವತ್ತರವನದು 9.21ರಷ್ಟು, ಎಪ್ಪತ್ತರವನದು 5.32ರಷ್ಟು ಎಂದು ಆತನು ತೋರಿಸಿದನು. ಸರಕಾರವು ಎಲ್ಲರಿಗೂ ಸುಮಾರು ಏಳರಷ್ಟಕ್ಕೆ ಮಾರುತ್ತಿದ್ದಿತು. ಎಳೆಯರ ಹೆಸರಿನಲ್ಲಿ ಕೊಂಡರೆ ದೊಡ್ಡ ಲಾಭವುಂಟೆಂದು ಹ್ಯಾಲಿಯೇ ಅಲ್ಲಿ ಸೂಚಿಸಿದ್ದಾನೆ. ಆ ಸೂಚನೆಯನ್ನು ಬೊಕ್ಕಸದವರು ಕಿವಿಗೆ ಹಾಕಿಕೊಂಡಂತೆ ಕಾಣುವುದಿಲ್ಲ. ಇಂತಹ ನಿಯಮದ ಫಲವನ್ನು ಪೂರ್ಣವಾಗಿ ಅನುಭವಿಸಿದುದು ಮುಂದಿನ ಶತಮಾನದ ಫ್ರಾನ್ಸು. ಅಲ್ಲಿಯೂ ವಯೋಭೇದವಿಲ್ಲದೆ ಮಾರಿದ ವರ್ಷಾಶನಗಳನ್ನು ಜಿನೀವದ ಸಾಹುಕಾರರು, ಸಿಡುಬಿನ ಗಂಡವನ್ನು ದಾಟಿದ ಒಳ್ಳೆಯ ಮನೆತನದ ಹೆಣ್ಣುಮಕ್ಕಳನ್ನು ಮೂವತ್ತರಂತೆ ಆಯ್ದು, ಅವರ ಜೀವದ ಮೇಲೆ ಕೊಂಡರು.

ಇಂಗ್ಲೆಂಡಿನಲ್ಲಿ ಅದೇ ತಪ್ಪು ಬೇರೊಂದು ವೇಷದಲ್ಲಿ ಮರಳಿ ಬಂದಿತು. ರಾಷ್ಟ್ರಋಣವನ್ನು ತಗ್ಗಿಸುವ ಉದ್ದೇಶದಿಂದ ಅರ್ಥಮಂತ್ರಿ ಸ್ಪೆನ್ಸರ್ ಪರ್ಸಿವಲನು 1808ರಲ್ಲಿ ಒಂದು ಕಾಯಿದೆಯನ್ನು ತಂದನು. ಸರಕಾರದ ಸಾಲಪತ್ರಗಳನ್ನು ಒಪ್ಪಿಸಿದವರಿಗೆ ಜೀವವರ್ಷಾಶನವನ್ನು ಕೊಡುವುದು, ಆ ಪತ್ರಗಳನ್ನು ರದ್ದುಗೊಳಿಸುವುದು ಇದರ ಕ್ರಮ. ಈ ಸಲ ವಯಸ್ಸನ್ನು ಕೇಳಿದರು. ಆದರೆ ಲೆಕ್ಕಕ್ಕೆ ಹಿಡಿದುದು ರಿಚರ್ಡ್ ಪ್ರೈಸನು ರಚಿಸಿದ್ದ ನಾರ್ಥಾಂಪ್ಟನ್ ಪಟ್ಟಿಯನ್ನು. ಆ ಊರಿನಲ್ಲಿ ಬ್ಯಾಪ್ಟಿಸ್ಟ್ ಪಂಗಡದವರು ಅನೇಕರಿದ್ದರು. ಅವರು ಶಿಶುಗಳಿಗೆ ದೀಕ್ಷಾಸ್ನಾನ ಮಾಡಿಸುತ್ತಿರಲಿಲ್ಲವಾದುದರಿಂದ ಚರ್ಚಿನ ದಾಖಲೆಯಲ್ಲಿ ಸತ್ತವರ ಎಣಿಕೆಗೆ ಸೇರಿದವರು ಹುಟ್ಟಿದವರ ಎಣಿಕೆಗೆ ಸೇರಲಿಲ್ಲ. ಹೀಗಾಗಿ ಊರಿನ ಜನರು ವಾಸ್ತವಕ್ಕಿಂತ ಬೇಗನೆ ಸಾಯುವಂತೆ ಪಟ್ಟಿಯಲ್ಲಿ ಕಂಡುಬಂದಿತು. ಪ್ರೈಸನು ತಾನೇ ರಾಜಮತಕ್ಕೆ ಹೊರಗಾದ ಒಂದು ಪಂಗಡದ ಪಾದ್ರಿಯಾಗಿದ್ದೂ ಈ ತೊಡಕು ಅವನ ಪಟ್ಟಿಯಲ್ಲಿ ಸರಿಹೋಗದೆ ಉಳಿದುದು ಗಮನಾರ್ಹವಾಗಿದೆ. ಜೀವವಿಮೆ ಮಾರುವವರಿಗೆ ಈ ದೋಷವು ಲಾಭಕರವೇ ಆಗಿದ್ದಿತು. ಸಾವು ಹೆಚ್ಚೆಂದು ಎಣಿಸಿದಷ್ಟೂ ಅವರು ಹೆಚ್ಚು ಕಂತನ್ನು ಕೇಳಬಹುದು. ವರ್ಷಾಶನ ಮಾರುವವನಿಗೆ ಅದೇ ಪಟ್ಟಿಯು ನಷ್ಟದ ಮೂಲ. ಬೇಗ ಸಾಯುವರೆಂದು ಎಣಿಸಿ ದೊಡ್ಡ ಮೊತ್ತವನ್ನು ಕೊಡಲೊಪ್ಪಿದ ಬೊಕ್ಕಸವು, ಸಾಯದವರಿಗೆ ವರ್ಷವರ್ಷವೂ ತೆರುತ್ತ ಹೋಯಿತು.

ಇದನ್ನು ಕಂಡುಹಿಡಿದವನು ಸರಕಾರದ ಲೆಕ್ಕಿಗನಾದ ಜಾನ್ ಫಿನ್ಲೇಸನ್. ಅವನ ಮಾತನ್ನು ಮಂತ್ರಿಗಳು ವರ್ಷಗಟ್ಟಲೆ ನಿಧಾನಿಸಿದರು. 1828ರಲ್ಲಿ ಮಾರಾಟವನ್ನು ನಿಲ್ಲಿಸಿ, 1829ರಲ್ಲಿ ಅವನದೇ ಹೊಸ ಪಟ್ಟಿಗಳ ಮೇಲೆ ಮರಳಿ ಪ್ರಾರಂಭಿಸಿದರು. ಊರಿನ ಸಾಮಾನ್ಯ ಜನರ ಲೆಕ್ಕವನ್ನು ಬಿಟ್ಟು, 1693ರ ಟಾಂಟೀನ್ ಮೊದಲುಗೊಂಡು ವರ್ಷಾಶನ ಪಡೆದವರ ಆಯುಸ್ಸನ್ನೇ ಫಿನ್ಲೇಸನ್ ಎಣಿಸಿದುದು ವಿಶೇಷ. ಸ್ತ್ರೀಯರು ಪುರುಷರಿಗಿಂತ ದೀರ್ಘಕಾಲ ಬದುಕುವರೆಂಬುದು ಅದರಿಂದ ಸ್ಪಷ್ಟಪಟ್ಟು, ಇಬ್ಬರಿಗೂ ಬೇರೆ ಬೇರೆ ದರಗಳು ಏರ್ಪಟ್ಟುವು. ಆದರೂ ತೀರ ಮುಪ್ಪಿನವರ ವಿಷಯದಲ್ಲಿ ಹೊಸ ಪಟ್ಟಿಯೂ ಧಾರಾಳವಾಗಿಯೇ ಇದ್ದಿತು. ಲಾಭಕೋರರು ಸ್ಕಾಟ್ಲೆಂಡಿನ ಹಳ್ಳಿಗಳಲ್ಲಿ ತೊಂಬತ್ತರ ಸುಮಾರಿನ ಗಟ್ಟಿಮುಟ್ಟಾದ ಮುದುಕರನ್ನು ಹುಡುಕಿ ಅವರ ಜೀವದ ಮೇಲೆ ಹಣ ಹೂಡಿದರು.

ಬಡವರಿಗೆ ಇವಾವುವೂ ನಿಲುಕಲಿಲ್ಲ. ಗ್ಲಾಡ್‌ಸ್ಟನನು 1864ರ ಕಾಯಿದೆಯಿಂದ ಅಂಚೆ ಕಚೇರಿಯಲ್ಲಿಯೇ ಸಣ್ಣ ವರ್ಷಾಶನಗಳನ್ನು ಮಾರಿಸಿದರೂ ಕೊಂಡವರು ವಿರಳ. 1909ರ ಜನವರಿಯಿಂದ ಎಪ್ಪತ್ತು ವರ್ಷ ತುಂಬಿದ ಬಡವರಿಗೆ ಸರಕಾರವು ವಾರಕ್ಕೆ 5 ಷಿಲ್ಲಿಂಗುಗಳನ್ನು ಕೊಡತೊಡಗಿತು. ವರ್ಷದ ಆದಾಯವು 21 ಪೌಂಡನ್ನು ಮೀರಿದರೆ ಈ ವೇತನವು ಮೆಟ್ಟಲು ಮೆಟ್ಟಲಾಗಿ ತಗ್ಗಿ, 31 ಪೌಂಡು 10 ಷಿಲ್ಲಿಂಗನ್ನು ಮೀರಿದರೆ ಪೂರ್ಣವಾಗಿ ನಿಲ್ಲುತ್ತಿದ್ದಿತು. ಕೂಡಿಟ್ಟು ಚಿಕ್ಕದೊಂದು ವರ್ಷಾಶನವನ್ನು ಕೊಂಡವನಿಗೆ ಆ ಜಾಗರೂಕತೆಯೇ ದಂಡವಾಗಬಹುದಾಗಿದ್ದಿತು.

ಉಳ್ಳವರಿಗೆ ಬಂದ ಕಷ್ಟವು ವರಮಾನ ತೆರಿಗೆಯದು. 1842ರಲ್ಲಿ ಪೀಲನು ಈ ತೆರಿಗೆಯನ್ನು ಪೌಂಡಿಗೆ 7 ಪೆನ್ನಿಯಂತೆ ಮರಳಿ ಸ್ಥಾಪಿಸಿದಾಗ, ವರ್ಷಾಶನದ ಪೂರ್ಣಮೊತ್ತವೂ ಆದಾಯವೆಂದೇ ಎಣಿಕೆಗೆ ಬಂದಿತು. ನ್ಯಾಯವಾಗಿ ನೋಡಿದರೆ ಅದರಲ್ಲಿ ಬಹುಭಾಗ ಕೊಂಡವನ ಅಸಲೇ ಸ್ವಲ್ಪ ಸ್ವಲ್ಪವಾಗಿ ಹಿಂದಿರುಗುವುದಾಗಿರುತ್ತದೆ. ಉದಾಹರಣೆಗೆ, ಸಾವಿರ ಪೌಂಡು ತೆತ್ತು ವರ್ಷಕ್ಕೆ ನೂರು ಪಡೆಯುವ ಮುದುಕನಿಗೆ ಅದರಲ್ಲಿ ಎಪ್ಪತ್ತು ಅಸಲು, ಮೂವತ್ತು ಬಡ್ಡಿ ಎಂದಿಟ್ಟುಕೊಳ್ಳಬಹುದು. ತೆರಿಗೆಯು ಮೂವತ್ತರ ಮೇಲಲ್ಲದೆ ನೂರರ ಮೇಲೆಯೂ ಬಿದ್ದಿತು. ಜೀವಾವಧಿಯ ಆದಾಯಕ್ಕೂ ಶಾಶ್ವತವಾದ ಆದಾಯಕ್ಕೂ ಒಂದೇ ದರವು ಸಲ್ಲದೆಂಬ ವಾದವನ್ನು 1850ರ ದಶಕದ ಆರಂಭದಲ್ಲಿಯೇ ಪಾರ್ಲಿಮೆಂಟಿನ ಸಮಿತಿಯೊಂದು ವಿಚಾರಿಸಿತು. ಜಾನ್ ಸ್ಟುವರ್ಟ್ ಮಿಲ್ಲನು ಅದರ ಮುಂದೆ ಸಾಕ್ಷ್ಯ ನುಡಿದನು. ಗ್ಲಾಡ್‌ಸ್ಟನನು 1853ರಲ್ಲಿ ಭೇದವನ್ನು ಒಪ್ಪಲಿಲ್ಲ. ತೆರಿಗೆ ಹಗುರವಾಗಿದ್ದಾಗ ಇದು ಸಹ್ಯವಾಗಿದ್ದಿತು. 1941ರಲ್ಲಿ ದರವು ಪೌಂಡಿಗೆ 10 ಷಿಲ್ಲಿಂಗಿಗೆ, ಎಂದರೆ ಅರ್ಧಕ್ಕೆ, ಏರಿದ ಮೇಲೆ ಪೂರ್ಣ ದರದಲ್ಲಿ ತೆರುವ ಮುದುಕನು ತನ್ನ ಗಂಟಿನ ಅರ್ಧವನ್ನೇ ತೆರಿಗೆಯಾಗಿ ಕಟ್ಟಿದಂತಾಗುತ್ತಿದ್ದಿತು. ಕೊನೆಗೆ 1956ರ ಹಣಕಾಸಿನ ಕಾಯಿದೆಯು ಅಸಲಿನ ಭಾಗಕ್ಕೆ ವಿನಾಯಿತಿಯನ್ನು ಕೊಟ್ಟಿತು. ಮೊದಲ ದೂರಿನಿಂದ ಪರಿಹಾರದವರೆಗೆ ಒಂದು ಶತಮಾನವೇ ಕಳೆದಿದ್ದಿತು.

ಅದೇ ಕಾಯಿದೆಯು ಮತ್ತೊಂದು ಬಾಗಿಲನ್ನೂ ತೆರೆಯಿತು. ಸ್ವಂತ ವೃತ್ತಿಯವರು ಮುಪ್ಪಿಗಾಗಿ ಕೂಡಿಡುವ ಹಣವನ್ನು ತೆರಿಗೆಯಿಂದ ಬಿಡುಗಡೆಮಾಡಿ, ಆ ಹಣದಿಂದ ಜೀವವರ್ಷಾಶನವನ್ನೇ ಪಡೆಯತಕ್ಕದ್ದೆಂದು ಕಟ್ಟುಮಾಡಿತು. ಈ ವರ್ಷಾಶನಕ್ಕೆ ಅಸಲಿನ ವಿನಾಯಿತಿ ಇಲ್ಲ, ಪೂರ್ಣಮೊತ್ತಕ್ಕೂ ತೆರಿಗೆಯುಂಟು. ಏಕೆಂದರೆ ಕೂಡಿಡುವಾಗಲೇ ವಿನಾಯಿತಿ ದೊರೆತಿರುತ್ತದೆ. ಮುಂದಿನ ಅರ್ಧಶತಮಾನದಲ್ಲಿ ಇಂಗ್ಲೆಂಡಿನ ವರ್ಷಾಶನದ ಪೇಟೆಯು ಬೆಳೆದುದಕ್ಕೆ ಜನರ ರುಚಿಗಿಂತ ಈ ಕಟ್ಟೇ ಹೆಚ್ಚಿನ ಕಾರಣವೆಂದು ಹೇಳಬೇಕಾಗುತ್ತದೆ. 1995ರಲ್ಲಿ ಕೊಳ್ಳುವುದನ್ನು 75ನೆಯ ವಯಸ್ಸಿನವರೆಗೆ ಮುಂದೂಡಲು ಅವಕಾಶವಾಯಿತು. 2006ರಲ್ಲಿ ಅದರಾಚೆಗೂ ಒಂದು ಕಿಂಡಿಯನ್ನು ಬಿಟ್ಟರು. ಒಬ್ಬರ ಸಾವಿನಿಂದ ಇನ್ನೊಬ್ಬರಿಗೆ ಲಾಭವಾಗುವುದು ಧರ್ಮವಿರುದ್ಧವೆಂದು ನಂಬಿದ ಪ್ಲಿಮತ್ ಬ್ರದರೆನ್ ಪಂಗಡದವರಿಗಾಗಿ ಹಾಗೆ ಮಾಡಲಾಯಿತು. ಆ ಕಿಂಡಿಯಲ್ಲಿ ಬೇರೆಯವರೂ ನುಗ್ಗುವರೆಂದು ಮರುವರ್ಷವೇ ಭಾರವಾದ ತೆರಿಗೆಯಿಂದ ಅದನ್ನು ಕಿರಿದುಗೊಳಿಸಿದರು.

ನಡುವೆ ಫಿನ್ಲೇಸನನ ಭೇದವೂ ಅಳಿಯಿತು. ಐರೋಪ್ಯ ನ್ಯಾಯಾಲಯವು 2011ರಲ್ಲಿ ಕೊಟ್ಟ ತೀರ್ಪಿನಂತೆ, 2012ರ ಡಿಸೆಂಬರ್ 21ರಿಂದ ಹೊಸ ವರ್ಷಾಶನಗಳಲ್ಲಿ ಸ್ತ್ರೀಪುರುಷರಿಗೆ ಬೇರೆ ದರವನ್ನು ಹಾಕುವುದು ನಿಷಿದ್ಧವಾಯಿತು. 75ರ ಕಟ್ಟು 2011ರಲ್ಲಿಯೇ ಬಿದ್ದಿದ್ದಿತು. 2014ರ ಮಾರ್ಚಿ 19ರಂದು ಅರ್ಥಮಂತ್ರಿ ಜಾರ್ಜ್ ಆಸ್ಬಾರ್ನ್, ಇನ್ನು ಮುಂದೆ ಯಾರೂ ವರ್ಷಾಶನವನ್ನು ಕೊಳ್ಳಬೇಕಾಗಿಲ್ಲವೆಂದು ಸಾರಿದನು. ಕೂಡಿಟ್ಟ ನಿಧಿಯನ್ನು ಒಮ್ಮೆಗೇ ತೆಗೆದವರಿಗೆ ಹಿಂದೆ ಇದ್ದ ನೂರಕ್ಕೆ 55ರ ತೆರಿಗೆಯು ಹೋಗಿ, ಕಾಲುಭಾಗವನ್ನು ಬಿಟ್ಟು ಉಳಿದುದಕ್ಕೆ ಸಾಮಾನ್ಯ ವರಮಾನ ತೆರಿಗೆಯೇ 2015ರ ಏಪ್ರಿಲ್‌ನಿಂದ ಸಾಕಾಯಿತು. ವರ್ಷಾಶನದ ಮಾರಾಟವು ಕೂಡಲೇ ಕುಸಿಯಿತು. ಮುಟ್ಟದೆ ಬಿಟ್ಟ ನಿಧಿಯು ಸಾಮಾನ್ಯವಾಗಿ ವಾರಸು ತೆರಿಗೆಗೆ ಒಳಗಾಗದೆ ಮಕ್ಕಳಿಗೆ ಸೇರುತ್ತಿದ್ದುದೂ, ಸಾವಿನೊಡನೆ ಅಸಲು ಕಳೆದುಹೋಗುವ ವರ್ಷಾಶನಕ್ಕೆ ಪ್ರತಿಕೂಲವಾಗಿದ್ದಿತು. ಆ ನಿಧಿಯನ್ನೂ 2027ರ ಏಪ್ರಿಲ್‌ನಿಂದ ವಾರಸು ತೆರಿಗೆಗೆ ಒಳಪಡಿಸುವುದಾಗಿ 2024ರ ಅಕ್ಟೋಬರಿನ ಆಯವ್ಯಯದಲ್ಲಿ ಪ್ರಕಟಿಸಲಾಯಿತು.