ರುಮಾಲೆ ಚನ್ನಬಸವಯ್ಯನವರ ನಿಸರ್ಗಚಿತ್ರಗಳು: ಒಂದು ಜಾನಪದೀಯ ನೋಟ

ಮೈಸೂರು ಸೀಮೆಯ ನಿಸರ್ಗಚಿತ್ರಗಳ ಚರಿತ್ರೆಯನ್ನು ಸಾಮಾನ್ಯವಾಗಿ ಯುರೋಪಿನ ಕಲಾವಿದರಿಂದ ಆರಂಭಿಸುವ ರೂಢಿಯಿದೆ. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನೆಯೊಂದಿಗೆ ಬಂದ ರಾಬರ್ಟ್ ಹೋಮ್ ರಚಿಸಿದ ದೃಶ್ಯಗಳು 1794ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಬೆಂಗಳೂರಿನ ಕೋಟೆ, ಸಾವನದುರ್ಗ ಮೊದಲಾದವು ಅವುಗಳ ವಸ್ತು. ಗೆದ್ದ ನೆಲವನ್ನು ದೂರದ ಓದುಗರಿಗೆ ತೋರಿಸುವುದು ಅಲ್ಲಿ ಪ್ರಧಾನವಾಗಿತ್ತು. ಆದರೆ ಈ ಸೀಮೆಯ ಜನಪದರಿಗೆ ನೆಲವನ್ನು ನೋಡುವ ತಮ್ಮದೇ ಆದ ಕ್ರಮವಿದೆ.

ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯಲ್ಲಿರುವ ಶಿವಗಂಗೆ ಇದಕ್ಕೆ ಉತ್ತಮ ನಿದರ್ಶನ. ಈ ಬೆಟ್ಟವು ಪೂರ್ವದಿಂದ ಬಸವನಂತೆ, ಪಶ್ಚಿಮದಿಂದ ಗಣಪತಿಯಂತೆ, ದಕ್ಷಿಣದಿಂದ ಲಿಂಗದಂತೆ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆ ಕಾಣುತ್ತದೆಂಬುದು ಪ್ರತೀತಿ. ಇಲ್ಲಿ ನೋಡುವವರು ನಿಂತ ನೆಲೆಯೇ ಬೆಟ್ಟದ ರೂಪವನ್ನು ನಿರ್ಧರಿಸುತ್ತದೆ. ನೆಲವನ್ನು ಒಳಗಿನವರಾಗಿ ಕಾಣುವ ಈ ದೃಷ್ಟಿಗೆ ಆಧುನಿಕ ಚಿತ್ರಕಲೆಯಲ್ಲಿ ಸಮೀಪವಾಗಿ ತೋರುವವರು, ನೆರೆಯ ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಜನಿಸಿದ ರುಮಾಲೆ ಚನ್ನಬಸವಯ್ಯನವರು.

ಬೆಂಗಳೂರಿನಲ್ಲಿ ಅ.ನ. ಸುಬ್ಬರಾಯರ ಕಲಾಮಂದಿರದಲ್ಲಿ ಕಲಾಭ್ಯಾಸ ಮಾಡಿದ ಚನ್ನಬಸವಯ್ಯನವರು, ಗಾಂಧೀಜಿಯವರ ಪ್ರಭಾವಕ್ಕೆ ಒಳಗಾಗಿ ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿದರು. ‘ತಾಯಿನಾಡು’ ಪತ್ರಿಕೆಯ ಸಂಪಾದಕರಾಗಿ, ವಿಧಾನ ಪರಿಷತ್ತಿನ ಸದಸ್ಯರಾಗಿ ಸಾರ್ವಜನಿಕ ಜೀವನದಲ್ಲಿ ದುಡಿದರು. 1960ರ ದಶಕದಲ್ಲಿ ರಾಜಕಾರಣದಿಂದ ಹಿಂದೆ ಸರಿದು ಕುಂಚಕ್ಕೆ ಮರಳಿದಾಗ ಅವರ ವಯಸ್ಸು ಐವತ್ತು ದಾಟಿತ್ತು. 1988ರಲ್ಲಿ ನಿಧನರಾಗುವವರೆಗಿನ ಕಾಲು ಶತಮಾನವೇ ಅವರ ಕಲೆಯ ಫಲವತ್ತಾದ ಅವಧಿ.

ಜಲವರ್ಣ ಮತ್ತು ತೈಲವರ್ಣಗಳಲ್ಲಿ, ಬಯಲಿನಲ್ಲಿ ನಿಂತು ಅವರು ಚಿತ್ರಿಸಿದ್ದು ಮುಖ್ಯವಾಗಿ ಬೆಂಗಳೂರಿನ ಹೂಮರಗಳನ್ನು. ಈ ಮರಗಳಿಗೂ ಒಂದು ಚರಿತ್ರೆಯಿದೆ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್, ವರ್ಷದ ಉದ್ದಕ್ಕೂ ನಗರದಲ್ಲಿ ಒಂದಲ್ಲ ಒಂದು ಜಾತಿಯ ಮರ ಹೂಬಿಡುವಂತೆ ಸಾಲುಮರಗಳನ್ನು ಯೋಜಿಸಿದರು. ದಕ್ಷಿಣ ಅಮೆರಿಕದ ಜಕರಾಂಡ, ಮಡಗಾಸ್ಕರ್ ಮೂಲದ ಗುಲ್‌ಮೊಹರ್ ಹೀಗೆ ಊರಿನವೇ ಆದವು. ಗುಲ್‌ಮೊಹರಿನ ನೀಳ ಕಾಯಿಯನ್ನು ಕಂಡ ಜನ ಅದನ್ನು ‘ಕತ್ತಿಕಾಯಿ ಮರ’ವೆಂದು ಕರೆದರು. ಹೆಸರಿಡುವುದೆಂದರೆ ಪರದೇಶದ್ದನ್ನು ಒಳಗು ಮಾಡಿಕೊಳ್ಳುವುದು. ಭಾಷೆಯಲ್ಲಿ ಜನಪದರು ಮಾಡಿದ ಈ ಕೆಲಸವನ್ನೇ ಚನ್ನಬಸವಯ್ಯನವರು ಬಣ್ಣದಲ್ಲಿ ಮಾಡಿದರೆನ್ನಬಹುದು. ಅವರ ಚಿತ್ರಗಳಲ್ಲಿ ಮರವು ಹಿನ್ನೆಲೆಯ ಅಲಂಕಾರವಲ್ಲ, ಅದೇ ಕಥಾನಾಯಕ. ಹೂವಿನ ಋತುವೇ ಚಿತ್ರದ ಕಾಲವಾಗುತ್ತದೆ.

ಆ ನೆಲೆಗಳಲ್ಲಿ ಕೆಲವು ಇಂದು ಉಳಿದಿಲ್ಲ. ಮಹಾತ್ಮ ಗಾಂಧಿ ರಸ್ತೆಯ ಮರಗಳ ಸಾಲು, 2011ರಲ್ಲಿ ಸಂಚಾರ ಆರಂಭಿಸಿದ ಮೆಟ್ರೊ ಮಾರ್ಗದ ನಿರ್ಮಾಣದಲ್ಲಿ ಮರೆಯಾಯಿತು. ತುಮಕೂರು ರಸ್ತೆಯ ಉದ್ದಕ್ಕೂ ನಗರ ಹಬ್ಬುತ್ತಿದ್ದು, ಸೋಂಪುರವೂ ಕೈಗಾರಿಕಾ ಪ್ರದೇಶವಾಗಿದೆ. ಬೆಟ್ಟ ಅಲ್ಲಿಯೇ ಇರಬಹುದು. ಆದರೆ ಅದನ್ನು ಬಸವನೆಂದು ಗುರುತಿಸಲು ದೂರದಲ್ಲೊಂದು ತೆರೆದ ಬಯಲೂ ಉಳಿದಿರಬೇಕು. ಸ್ಥಳನಾಮ, ಐತಿಹ್ಯಗಳನ್ನು ಸಂಗ್ರಹಿಸುವ ಜಾನಪದ ಅಧ್ಯಯನವು ನಿಸರ್ಗಚಿತ್ರಗಳನ್ನೂ ಆಕರಗಳೆಂದು ಪರಿಗಣಿಸಬೇಕಾದ ಅಗತ್ಯ ಇಲ್ಲಿದೆ. ಒಂದು ಊರು ತನ್ನ ಮರಗಳನ್ನು ಯಾವ ಕಣ್ಣಿನಿಂದ ಕಂಡಿತ್ತೆಂಬುದಕ್ಕೆ ಚನ್ನಬಸವಯ್ಯನವರ ಕೃತಿಗಳು ಸಾಕ್ಷಿಯಾಗಿ ನಿಲ್ಲುತ್ತವೆ.