ಮೇಲ್ ಸರ್ವರ್ ಕುಸಿದಾಗ ಮೊದಲು ಓದಬೇಕಾದದ್ದು ಕರ್ನೆಲ್ ದಾಖಲೆ

ಸ್ವಂತ ಮೇಲ್ ಸರ್ವರ್ ನಡೆಸುವ ಕಾಲೇಜು, ಆಸ್ಪತ್ರೆ, ಸಹಕಾರ ಸಂಘ ಅಥವಾ ಸಣ್ಣ ಉದ್ದಿಮೆಯ ಕಚೇರಿಯಲ್ಲಿ 'ಮೇಲ್ ಬರುತ್ತಿಲ್ಲ' ಎಂಬ ದೂರು ಕೇಳಿಬಂದೊಡನೆ ನಡೆಯುವ ಮೊದಲ ಕೆಲಸ ಬಹುಪಾಲು ಒಂದೇ: ಯಂತ್ರವನ್ನು ಆಫ್ ಮಾಡಿ ಮತ್ತೆ ಆನ್ ಮಾಡುವುದು. ಸರ್ವರ್ ಎದ್ದು ನಿಲ್ಲುತ್ತದೆ, ಕೆಲ ಗಂಟೆ ಓಡುತ್ತದೆ, ಮತ್ತೆ ಮಲಗುತ್ತದೆ. ಮೊದಲ ಕುಸಿತದ ಕಾರಣವನ್ನು ಹೇಳಬಹುದಾಗಿದ್ದ ಮಾಹಿತಿ ಮಾತ್ರ ಮರುಚಾಲನೆಯೊಂದಿಗೆ ಅಳಿಸಿಹೋಗಿರುತ್ತದೆ. ಬಳಿಕ ಮೇಲ್ ತಂತ್ರಾಂಶವನ್ನೇ ಕಿತ್ತು ಹೊಸದಾಗಿ ಅಳವಡಿಸಿದರೂ ಫಲ ಕಾಣುವುದಿಲ್ಲ. ಏಕೆಂದರೆ ಕುಸಿದದ್ದು ಮೇಲ್ ತಂತ್ರಾಂಶವೇ ಆದರೂ ಕೆಟ್ಟಿರುವುದು ಅನೇಕ ವೇಳೆ ಅದು ನಿಂತ ನೆಲ, ಅಂದರೆ ಯಂತ್ರದ ಮೆಮೊರಿ ಅಥವಾ ಡಿಸ್ಕ್.

ಆ ನೆಲದ ಸುದ್ದಿಯನ್ನು ಬಲ್ಲದ್ದು ಕರ್ನೆಲ್. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಇದು ಮೆಮೊರಿಯನ್ನು ಹಂಚುತ್ತದೆ, ಡಿಸ್ಕ್‌ನೊಂದಿಗೆ ವ್ಯವಹರಿಸುತ್ತದೆ, ತಪ್ಪು ಮಾಡಿದ ತಂತ್ರಾಂಶವನ್ನು ಕೊನೆಗೊಳಿಸುತ್ತದೆ ಮತ್ತು ಇವೆಲ್ಲವನ್ನೂ ತನ್ನ ದಾಖಲೆಯಲ್ಲಿ ಬರೆದಿಡುತ್ತದೆ. ಸಾಮಾನ್ಯ ಲಿನಕ್ಸ್ ಸರ್ವರ್ ಒಂದರಲ್ಲಿ ಪತ್ರ ರವಾನೆಗೆ ಪೋಸ್ಟ್‌ಫಿಕ್ಸ್, ಅಂಚೆಪೆಟ್ಟಿಗೆಗಳ ನಿರ್ವಹಣೆಗೆ ಡವ್‌ಕಾಟ್, ವೈರಸ್ ತಪಾಸಣೆಗೆ ಕ್ಲ್ಯಾಮ್‌ಎವಿ ಇರುವುದುಂಟು. ಮುಂದಿನ ವಿವರಗಳು ಮುಖ್ಯವಾಗಿ ಇಂತಹ ವ್ಯವಸ್ಥೆಗೆ ಅನ್ವಯಿಸುತ್ತವೆ.

ಅರೆಜೀವ ಸರ್ವರ್ ಹೆಚ್ಚು ಅಪಾಯಕಾರಿ

ಗಾಬರಿ ಅನಗತ್ಯ ಎನ್ನಲು ಆಧಾರವಿದೆ. ಮಿಂಚಂಚೆ ಸಾಗಣೆಯ ನಿಯಮಾವಳಿಯನ್ನು ನಿರೂಪಿಸುವ, 2008ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 5321ರ ಪ್ರಕಾರ, ಪತ್ರ ತಲುಪಿಸಲಾಗದ ಸರ್ವರ್ ಅದನ್ನು ಸರದಿಯಲ್ಲಿಟ್ಟುಕೊಂಡು ಸಾಮಾನ್ಯವಾಗಿ ಕನಿಷ್ಠ ನಾಲ್ಕೈದು ದಿನ ಪ್ರಯತ್ನಿಸುತ್ತಿರಬೇಕು. ಪೋಸ್ಟ್‌ಫಿಕ್ಸ್ ಮೂಲ ಹೊಂದಾಣಿಕೆಯಲ್ಲಿ 5 ದಿನ ಕಾಯುತ್ತದೆ, ಎಕ್ಸಿಮ್ 4 ದಿನ. ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಸರ್ವರ್‌ಗೆ ತಾಳ್ಮೆ ಕಡಿಮೆ, ಕೇವಲ 2 ದಿನ. ಹೀಗಾಗಿ ಸಂಪೂರ್ಣ ಸ್ಥಗಿತಗೊಂಡ ಸರ್ವರ್‌ನಿಂದ ಒಂದು ದಿನದ ಮಟ್ಟಿಗೆ ಪತ್ರಗಳು ತಡವಾಗುತ್ತವೆಯೇ ಹೊರತು ಸಾಮಾನ್ಯವಾಗಿ ಕಳೆದುಹೋಗುವುದಿಲ್ಲ.

ಕಳೆದುಹೋಗುವುದು ಅರೆಜೀವವಾಗಿ ಓಡುತ್ತಿರುವ ಸರ್ವರ್‌ನಲ್ಲಿ. ಮೇಲ್ ಸರ್ವರ್‌ಗಳ ಪರಸ್ಪರ ಉತ್ತರಗಳು ಅಂಕಿಗಳಲ್ಲಿರುತ್ತವೆ. 4ರಿಂದ ಆರಂಭವಾಗುವ ಅಂಕಿಗೆ 'ಈಗ ಆಗದು, ಮತ್ತೆ ಬನ್ನಿ' ಎಂದು ಅರ್ಥ. 5ರಿಂದ ಆರಂಭವಾಗುವ ಅಂಕಿಗೆ 'ಎಂದಿಗೂ ಆಗದು' ಎಂದು ಅರ್ಥ. ಬಳಕೆದಾರರ ಪಟ್ಟಿಯಿದ್ದ ಕಡತ ಹಾಳಾಗಿ ಸರ್ವರ್ 'ಇಂತಹ ವಿಳಾಸವೇ ಇಲ್ಲ' ಎಂದು 550 ಉತ್ತರಿಸಿತೆಂದರೆ, ಕಳುಹಿಸಿದವರ ಕಡೆಯ ಸರ್ವರ್ ಮತ್ತೆ ಪ್ರಯತ್ನಿಸದೆ ಪತ್ರವನ್ನು ಹಿಂದಿರುಗಿಸಿಬಿಡುತ್ತದೆ. ಟೆಂಡರ್‌ನ ಕೊನೆಯ ದಿನ ಇದರ ಬೆಲೆ ಏನೆಂಬುದನ್ನು ವಿವರಿಸಬೇಕಿಲ್ಲ. ಪೋಸ್ಟ್‌ಫಿಕ್ಸ್‌ನಲ್ಲಿ 'ಸಾಫ್ಟ್ ಬೌನ್ಸ್' ಎಂಬ ಹೊಂದಾಣಿಕೆ ಇರುವುದು ಇಂತಹ ಸಂದರ್ಭಕ್ಕೇ. ಅದನ್ನು ಚಾಲೂ ಮಾಡಿದರೆ ಅದು ನೀಡಬಹುದಾದ 5ರ ಉತ್ತರಗಳು 4ರ ಉತ್ತರಗಳಾಗುತ್ತವೆ. ದುರಸ್ತಿ ಮುಗಿಯುವವರೆಗೆ ಇದನ್ನು ಚಾಲೂ ಇಡುವುದು, ಇಲ್ಲವೇ ಮೇಲ್ ಸೇವೆಯನ್ನೇ ನಿಲ್ಲಿಸುವುದು ಕ್ಷೇಮಕರ.

ಗಮನಿಸಬೇಕಾದ ಇನ್ನೊಂದು ಸಂಗತಿ, ಸರ್ವರ್ ಈಗಾಗಲೇ ಸ್ವೀಕರಿಸಿ ತಲುಪಿಸದೆ ಇಟ್ಟುಕೊಂಡಿರುವ ಪತ್ರಗಳದ್ದು. 'ಸ್ವೀಕರಿಸಲಾಗಿದೆ' ಎಂಬ 250ರ ಉತ್ತರ ಕೊಟ್ಟ ಮೇಲೆ ಕಳುಹಿಸಿದ ಸರ್ವರ್ ತನ್ನ ಸರದಿಯಿಂದ ಪ್ರತಿಯನ್ನು ತೆಗೆದುಹಾಕುತ್ತದೆ. ಆ ಹೊತ್ತಿಗೆ ಸರದಿಯಲ್ಲಿರುವ ಕಡತವೇ ಪತ್ರದ ಏಕೈಕ ಸಾಗಣೆ ಪ್ರತಿ. ಹೊಸದಾಗಿ ಫಾರ್ಮ್ಯಾಟ್ ಮಾಡುವ ಉತ್ಸಾಹದಲ್ಲಿ ನಾಶವಾಗುವುದು ಇದೇ.

ದಾಖಲೆ ಉಳಿಯುವುದೆಲ್ಲಿ?

ಕರ್ನೆಲ್ ತನ್ನ ಸಂದೇಶಗಳನ್ನು ಮೊದಲು ಬರೆಯುವುದು ಮೆಮೊರಿಯಲ್ಲಿರುವ ಒಂದು ಪುಟ್ಟ ಜಾಗದಲ್ಲಿ. 'ಡಿಎಂಇಎಸ್‌ಜಿ' ಎಂಬ ಆದೇಶ ತೋರಿಸುವುದು ಅದನ್ನೇ. ವಿದ್ಯುತ್ ಹೋದರೆ ಅದೂ ಹೋಯಿತು. ಆದ್ದರಿಂದ ಮರುಚಾಲನೆಗೆ ಮುನ್ನ ಅದರ ಪ್ರತಿಯೊಂದನ್ನು ಬೇರೆ ಯಂತ್ರಕ್ಕೆ ನಕಲು ಮಾಡಿಕೊಳ್ಳುವುದು ಒಂದು ನಿಮಿಷದ ಕೆಲಸ. ಸಿಸ್ಟಮ್‌ಡಿ ಬಳಸುವ ಲಿನಕ್ಸ್‌ಗಳಲ್ಲಿ 'ಜರ್ನಲ್‌ಸಿಟಿಎಲ್' ಆದೇಶದಿಂದ ಹಿಂದಿನ ಚಾಲನೆಯ ಕರ್ನೆಲ್ ದಾಖಲೆಯನ್ನೂ ಓದಬಹುದು. ಆದರೆ ಜರ್ನಲ್ ಡಿಸ್ಕ್‌ನಲ್ಲಿ ಉಳಿಯುವಂತೆ ಮೊದಲೇ ಹೊಂದಿಸಿರಬೇಕು. ಇಲ್ಲದಿದ್ದರೆ ಅದೂ ಮೆಮೊರಿಯಲ್ಲೇ ಇದ್ದು ಅಳಿಸಿಹೋಗುತ್ತದೆ.

ಮೇಲ್ ತಂತ್ರಾಂಶದ ಲಾಗ್ ಗಡಿಯಾರದ ಸಮಯವನ್ನು ತೋರಿಸಿದರೆ, ಕರ್ನೆಲ್‌ನ ಮೂಲ ದಾಖಲೆ ಯಂತ್ರ ಚಾಲೂ ಆದಂದಿನಿಂದ ಕಳೆದ ಸೆಕೆಂಡುಗಳನ್ನು ತೋರಿಸುತ್ತದೆ. ಎರಡನ್ನೂ ಒಂದೇ ಸಮಯಕ್ಕೆ ತಂದು ಅಕ್ಕಪಕ್ಕ ಇಟ್ಟು ನೋಡಬೇಕು. ಮೇಲ್ ಕುಸಿಯುವ ಮೊದಲೇ ಕರ್ನೆಲ್ ಏನಾದರೂ ದೂರಿತ್ತೇ ಎಂಬುದೇ ಇಲ್ಲಿನ ಪ್ರಶ್ನೆ.

ಮೆಮೊರಿ ಸಾಲದಾದಾಗ

ದಾಖಲೆಯಲ್ಲಿ 'ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೋಸೆಸ್' ಎಂಬ ಸಾಲಿದ್ದರೆ ಅರ್ಧ ಕೆಲಸ ಮುಗಿದಂತೆ. ಲಿನಕ್ಸ್ ಕರ್ನೆಲ್ ತಂತ್ರಾಂಶಗಳಿಗೆ ತನ್ನಲ್ಲಿರುವುದಕ್ಕಿಂತ ಹೆಚ್ಚಿನ ಮೆಮೊರಿಯ ಭರವಸೆ ಕೊಡುವುದುಂಟು. ಎಲ್ಲರೂ ಒಮ್ಮೆಲೇ ಕೇಳಿದಾಗ, ಮೆಮೊರಿ ಬಳಕೆಯ ಆಧಾರದ ಮೇಲೆ ಅಂಕ ಹಾಕಿ, ಒಂದನ್ನು ಆರಿಸಿ ಕೊಲ್ಲುತ್ತದೆ. ಸತ್ತದ್ದೇ ತಪ್ಪಿತಸ್ಥ ಎನ್ನುವಂತಿಲ್ಲ, ಅದು ಬರೀ ದೊಡ್ಡದಾಗಿತ್ತು ಅಷ್ಟೇ.

ಮೇಲ್ ಸರ್ವರ್‌ನಲ್ಲಿ ಮೊದಲ ಅನುಮಾನ ವೈರಸ್ ತಪಾಸಕನ ಮೇಲೆ ಹೋಗುವುದು ಸಹಜ. ಕ್ಲ್ಯಾಮ್‌ಎವಿ ತನ್ನ ವೈರಸ್ ಲಕ್ಷಣಗಳ ಭಂಡಾರವನ್ನು ಪೂರ್ತಿಯಾಗಿ ಮೆಮೊರಿಯಲ್ಲಿಟ್ಟುಕೊಳ್ಳುತ್ತದೆ. ಅದಕ್ಕೇ ಒಂದು ಜಿಬಿಯಷ್ಟು ಬೇಕು. 2020ರಲ್ಲಿ ಬಂದ 0.103 ಆವೃತ್ತಿಯಿಂದ ಈಚೆಗೆ, ಹೊಸ ಭಂಡಾರ ಬಂದಾಗ ಹಳೆಯದನ್ನು ಬಿಡದೆಯೇ ಹೊಸದನ್ನು ತುಂಬಿಕೊಳ್ಳುವುದು ಮೂಲ ಹೊಂದಾಣಿಕೆ. ಆ ಕೆಲ ಕ್ಷಣಗಳಲ್ಲಿ ಬಳಕೆ ಇಮ್ಮಡಿಯಾಗುತ್ತದೆ. ಸರ್ವರ್ ಪ್ರತಿದಿನವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕುಸಿಯುತ್ತಿದ್ದರೆ ಭಂಡಾರ ನವೀಕರಣದ ವೇಳೆಯನ್ನು ತಾಳೆ ನೋಡುವುದು ಒಳಿತು. ಈ ಇಮ್ಮಡಿ ತುಂಬುವಿಕೆಯನ್ನು ಹೊಂದಾಣಿಕೆ ಕಡತದಲ್ಲಿ ನಿಲ್ಲಿಸಬಹುದು. ಆಗ ನವೀಕರಣ ನಡೆಯುವಷ್ಟು ಹೊತ್ತು ತಪಾಸಣೆ ಕಾಯಬೇಕಾಗುತ್ತದೆ.

ಇಲ್ಲೊಂದು ಮೋಸವಿದೆ. ಡವ್‌ಕಾಟ್‌ನ ಲಾಗ್ ಕೂಡ 'ಔಟ್ ಆಫ್ ಮೆಮೊರಿ' ಎಂದೇ ದೂರುತ್ತದೆ, ಆದರೆ ಕರ್ನೆಲ್ ದಾಖಲೆಯಲ್ಲಿ ಆ ಬಗ್ಗೆ ಒಂದಕ್ಷರವೂ ಇರುವುದಿಲ್ಲ. ಡವ್‌ಕಾಟ್ ತನ್ನ ಪ್ರತಿ ಪ್ರೋಸೆಸ್‌ಗೂ ತಾನೇ ಒಂದು ಮಿತಿ ಹಾಕಿಕೊಂಡಿರುತ್ತದೆ, 2.3 ಸರಣಿಯಲ್ಲಿ ಅದು 256 ಎಂಬಿ. ವರ್ಷಗಟ್ಟಲೆ ಪತ್ರ ತುಂಬಿದ ಪೆಟ್ಟಿಗೆಯ ಸೂಚಿ ಕಡತ ಬೆಳೆದು ಈ ಮಿತಿಯನ್ನು ಮುಟ್ಟಿದಾಗ ಆ ಒಬ್ಬ ಬಳಕೆದಾರರ ಸಂಪರ್ಕ ಮಾತ್ರ ಕಡಿದುಹೋಗುತ್ತದೆ. ಇದಕ್ಕಾಗಿ ಹೊಸ ಮೆಮೊರಿ ಕೊಳ್ಳುವುದು ಹಣ ದಂಡ. ಹಾಗೆಯೇ 'ಮೆಮೊರಿ ಸಿ-ಗ್ರೂಪ್' ಎಂಬ ಪದ ಕರ್ನೆಲ್ ಸಂದೇಶದಲ್ಲಿದ್ದರೆ ಖಾಲಿಯಾದದ್ದು ಯಂತ್ರದ ಮೆಮೊರಿಯಲ್ಲ, ಆ ಸೇವೆಗೆ ಅಥವಾ ಕಂಟೇನರ್‌ಗೆ ಗೊತ್ತುಪಡಿಸಿದ ಪಾಲು.

ಸೆಗ್‌ಫಾಲ್ಟ್: ಒಂದೇ ಜಾಗವೋ, ಬೇರೆ ಬೇರೆಯೋ?

ತನ್ನದಲ್ಲದ ಮೆಮೊರಿ ವಿಳಾಸಕ್ಕೆ ಕೈಹಾಕಿದ ತಂತ್ರಾಂಶವನ್ನು ಕರ್ನೆಲ್ 11ನೇ ಸಂಜ್ಞೆ ಕಳುಹಿಸಿ ನಿಲ್ಲಿಸುತ್ತದೆ. ದಾಖಲೆಯಲ್ಲಿ 'ಸೆಗ್‌ಫಾಲ್ಟ್' ಎಂಬ ಪದದ ಜೊತೆಗೆ ವಿಳಾಸಗಳೂ 'ಎರರ್ 4' ಅಥವಾ 'ಎರರ್ 6' ಎಂಬ ಅಂಕಿಯೂ ಇರುತ್ತವೆ. ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ 4 ಎಂದರೆ ಇಲ್ಲದ ಜಾಗದಿಂದ ಓದುವ ಯತ್ನ, 6 ಎಂದರೆ ಇಲ್ಲದ ಜಾಗಕ್ಕೆ ಬರೆಯುವ ಯತ್ನ.

ಅಂಕಿಗಿಂತ ಉಪಯುಕ್ತವಾದ ಪ್ರಶ್ನೆ ಬೇರೆಯಿದೆ. ಒಂದೇ ತಂತ್ರಾಂಶ, ಒಂದೇ ಲೈಬ್ರರಿಯ ಒಂದೇ ಜಾಗದಲ್ಲಿ, ಒಂದೇ ಬಗೆಯ ಪತ್ರ ಬಂದಾಗಲೆಲ್ಲ ಬೀಳುತ್ತಿದ್ದರೆ ಅದು ತಂತ್ರಾಂಶದ ದೋಷ, ಆವೃತ್ತಿ ನವೀಕರಿಸಬೇಕು. ಇಂದು ಪೋಸ್ಟ್‌ಫಿಕ್ಸ್, ನಾಳೆ ಡವ್‌ಕಾಟ್, ನಾಡಿದ್ದು ಮೇಲ್‌ಗೆ ಸಂಬಂಧವೇ ಇಲ್ಲದ ಇನ್ನೊಂದು, ಪ್ರತಿ ಬಾರಿಯೂ ಬೇರೆ ಬೇರೆ ಜಾಗದಲ್ಲಿ ಬಿದ್ದರೆ ಮೆಮೊರಿ ಪಟ್ಟಿಯೇ ಕೆಟ್ಟಿರುವ ಸಾಧ್ಯತೆ ಬಲವಾಗಿದೆ. 'ಮೆಮ್‌ಟೆಸ್ಟ್86+' ಎಂಬ ಉಚಿತ ತಂತ್ರಾಂಶದಿಂದ ಒಂದು ರಾತ್ರಿ ಪೂರ್ತಿ ಪರೀಕ್ಷೆ ನಡೆಸುವುದು ವಾಡಿಕೆ. ಇಸಿಸಿ ಮೆಮೊರಿ ಇರುವ ಸರ್ವರ್‌ಗಳಲ್ಲಿ 'ಎಡಾಕ್' ಅಥವಾ 'ಮಷಿನ್ ಚೆಕ್' ಸಂದೇಶಗಳು ಕಾಣಿಸಿಕೊಳ್ಳುತ್ತವೆ. 'ಸರಿಪಡಿಸಲಾಗಿದೆ' ಎಂಬ ಎಚ್ಚರಿಕೆಗಳು ಪದೇ ಪದೇ ಬರುತ್ತಿದ್ದರೂ ಪಟ್ಟಿ ಬದಲಿಸುವ ಕಾಲ ಬಂದಿದೆ ಎಂದೇ ತಿಳಿಯಬೇಕು.

ಡಿಸ್ಕ್ ಕೈಕೊಟ್ಟಾಗ

'ಐ/ಓ ಎರರ್' ಮತ್ತು ಅದರ ಬೆನ್ನಿಗೇ 'ರೀಮೌಂಟಿಂಗ್ ಫೈಲ್‌ಸಿಸ್ಟಮ್ ರೀಡ್-ಓನ್ಲಿ' ಎಂಬ ಸಾಲು ಕಂಡರೆ ಕರ್ನೆಲ್ ಮುಂದಿನ ಹಾನಿ ತಡೆಯಲು ಬರವಣಿಗೆಯನ್ನೇ ನಿಲ್ಲಿಸಿದೆ ಎಂದರ್ಥ. ಪೋಸ್ಟ್‌ಫಿಕ್ಸ್ ಆಗ ಸರದಿ ಕಡತ ಬರೆಯಲಾಗದೆ 451ರ ಉತ್ತರ ಕೊಡುತ್ತದೆ. ತಾತ್ಕಾಲಿಕ ನಿರಾಕರಣೆಯಾದ್ದರಿಂದ ಪತ್ರ ಸುರಕ್ಷಿತ. ಈ ಹಂತದಲ್ಲಿ ಡಿಸ್ಕ್ ದುರಸ್ತಿಯ 'ಎಫ್‌ಎಸ್‌ಸಿಕೆ' ಓಡಿಸುವ ಆತುರ ಬೇಡ. ಮೊದಲು ಅಂಚೆಪೆಟ್ಟಿಗೆಗಳನ್ನೂ ಸರದಿಯನ್ನೂ ಬೇರೊಂದು ಡಿಸ್ಕ್‌ಗೆ ನಕಲು ಮಾಡಬೇಕು. ಪೋಸ್ಟ್‌ಫಿಕ್ಸ್ ಸರದಿ ಕಡತದ ಹೆಸರು ಅದರ ಐನೋಡ್ ಸಂಖ್ಯೆಯನ್ನು ಅವಲಂಬಿಸಿರುವುದರಿಂದ, ನಕಲಾದ ಸರದಿಯ ಮೇಲೆ 'ಪೋಸ್ಟ್‌ಸೂಪರ್' ಆದೇಶ ಓಡಿಸಿ ಹೆಸರು ಸರಿಪಡಿಸಿಕೊಳ್ಳಬೇಕು.

ಡಿಸ್ಕ್ ಆರೋಗ್ಯವಾಗಿದ್ದೂ 'ಜಾಗವಿಲ್ಲ' ಎಂಬ ದೂರು ಬರಬಹುದು. ಮೇಲ್‌ಡಿರ್ ಪದ್ಧತಿಯಲ್ಲಿ ಪ್ರತಿ ಪತ್ರವೂ ಒಂದು ಕಡತ. ಜಿಬಿಗಟ್ಟಲೆ ಜಾಗ ಉಳಿದಿದ್ದರೂ ಐನೋಡ್‌ಗಳು ಮುಗಿದಿದ್ದರೆ ಹೊಸ ಕಡತ ಹುಟ್ಟದು. ಇದನ್ನು ತಿಳಿಯಲು 'ಡಿಎಫ್' ಆದೇಶವನ್ನು ಐನೋಡ್ ಲೆಕ್ಕ ತೋರಿಸುವಂತೆ ಬೇರೆಯಾಗಿ ಓಡಿಸಬೇಕು.

ದೋಷ ಕರ್ನೆಲ್‌ನದ್ದೇ ಆಗಿದ್ದರೆ

ಅಪರೂಪಕ್ಕೆ ಕರ್ನೆಲ್ ತಾನೇ ಮುಗ್ಗರಿಸುತ್ತದೆ. 'ಊಪ್ಸ್' ಎಂದರೆ ಮುಗ್ಗರಿಸಿಯೂ ಮುಂದುವರಿದದ್ದು, 'ಪ್ಯಾನಿಕ್' ಎಂದರೆ ಪೂರ್ತಿ ನಿಂತದ್ದು. ಪ್ಯಾನಿಕ್‌ನ ಕೊನೆಯ ಸಾಲುಗಳು ಡಿಸ್ಕ್‌ಗೆ ತಲುಪುವ ಖಾತ್ರಿ ಇಲ್ಲ. 'ಕೆ-ಡಂಪ್' ಅಥವಾ ಸಂದೇಶಗಳನ್ನು ಪಕ್ಕದ ಯಂತ್ರಕ್ಕೆ ಕಳುಹಿಸುವ 'ನೆಟ್‌ಕನ್ಸೋಲ್' ಮೊದಲೇ ಅಳವಡಿಸಿದ್ದರೆ ಅನುಕೂಲ. ಇಲ್ಲದಿದ್ದರೆ ಪರದೆಯ ಛಾಯಾಚಿತ್ರವೇ ಸಾಕ್ಷ್ಯ.

ಮೇಲ್ ತಂತ್ರಾಂಶವೇ ಕರ್ನೆಲ್‌ನ ದೋಷ ಪತ್ತೆ ಮಾಡಿದ ಪ್ರಸಂಗವೂ ಉಂಟು. ಲಿನಕ್ಸ್ 2.2 ಸರಣಿಯ 2.2.15ರವರೆಗಿನ ಕರ್ನೆಲ್‌ಗಳಲ್ಲಿ, ತಂತ್ರಾಂಶವೊಂದು ತನ್ನ ಉನ್ನತ ಅಧಿಕಾರವನ್ನು ಬಿಟ್ಟುಕೊಟ್ಟೆನೆಂದು ನಂಬಿದ ಮೇಲೂ ಅದು ಉಳಿದುಬಿಡುವ ಲೋಪವಿತ್ತು. ಸೆಂಡ್‌ಮೇಲ್ ಮೂಲಕ ಇದರ ದುರುಪಯೋಗ ಸಾಧ್ಯವಿದ್ದುದರಿಂದ 2000ದ ಜೂನ್‌ನಲ್ಲಿ ಬಂದ ಸೆಂಡ್‌ಮೇಲ್ 8.10.2ರಲ್ಲಿ ದೋಷಪೂರಿತ ಕರ್ನೆಲ್‌ಗಳನ್ನು ಗುರುತಿಸುವ ಪರೀಕ್ಷೆ ಸೇರಿಸಲಾಯಿತು. ಕರ್ನೆಲ್ 2.2.16ರಲ್ಲಿ ಲೋಪ ಸರಿಹೋಯಿತು.

ಕರ್ನೆಲ್ ನಿರಪರಾಧಿಯಾಗಿದ್ದ ಪ್ರಸಂಗಕ್ಕೆ 2022ರ ಜನವರಿ 1 ಉತ್ತಮ ನಿದರ್ಶನ. ಅಂದು ಎಕ್ಸ್‌ಚೇಂಜ್ 2016 ಮತ್ತು 2019 ಸರ್ವರ್‌ಗಳಲ್ಲಿ ವೈರಸ್ ತಪಾಸಕ ಕುಸಿಯಿತು. ದಿನಾಂಕದಿಂದ ರೂಪಿಸಿದ 2201010001 ಎಂಬ ಆವೃತ್ತಿ ಸಂಖ್ಯೆ, ಧನ-ಋಣ ಚಿಹ್ನೆಸಹಿತ 32 ಬಿಟ್ ಪೂರ್ಣಾಂಕದಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆಯಾದ 2147483647ನ್ನು ಮೀರಿದ್ದೇ ಕಾರಣ. ಪತ್ರಗಳು ಸರದಿಯಲ್ಲಿ ಸಿಲುಕಿದವು. ಮೈಕ್ರೋಸಾಫ್ಟ್ ಪರಿಹಾರ ನೀಡಿದ ಬಳಿಕ ಅವು ಸಾಗತೊಡಗಿದವು.

ಸರದಿ ಬಿಡುಗಡೆಯಲ್ಲಿ ಎಚ್ಚರ

ದುರಸ್ತಿ ಮುಗಿದ ಮೇಲೆ ಕಾದಿದ್ದ ಪತ್ರಗಳೆಲ್ಲ ಒಮ್ಮೆಗೇ ನುಗ್ಗುತ್ತವೆ. ಪೋಸ್ಟ್‌ಫಿಕ್ಸ್ ಪ್ರತಿ ಸೇವೆಗೆ ಮೂಲತಃ 100 ಪ್ರೋಸೆಸ್‌ಗಳವರೆಗೆ ಅವಕಾಶ ಕೊಡುತ್ತದೆ. ಅವೆಲ್ಲ ತಪಾಸಕನ ಬಾಗಿಲಲ್ಲಿ ನಿಂತರೆ ಅದೇ ಮೆಮೊರಿ ಕೊರತೆ ಮರುಕಳಿಸುತ್ತದೆ. ಚಿಕ್ಕ ಯಂತ್ರಗಳಲ್ಲಿ ಈ ಮಿತಿಯನ್ನು ಕೆಲ ಗಂಟೆಗಳ ಮಟ್ಟಿಗೆ 20ರ ಆಸುಪಾಸಿಗೆ ಇಳಿಸಿ, ಸರದಿ ಕರಗಿದ ಮೇಲೆ ಏರಿಸಬಹುದು. ಸಾಫ್ಟ್ ಬೌನ್ಸ್ ಹೊಂದಾಣಿಕೆಯನ್ನು ತೆಗೆಯಲು ಮರೆಯಬಾರದು. ಅದು ಹಾಗೆಯೇ ಉಳಿದರೆ ತಪ್ಪು ವಿಳಾಸಕ್ಕೆ ಬರೆದವರಿಗೂ ಪತ್ರ ತಲುಪಿಲ್ಲವೆಂಬ ಸುದ್ದಿ ದಿನಗಟ್ಟಲೆ ಸಿಗುವುದಿಲ್ಲ.