ದೇಣಿಗೆ ತಂತ್ರಾಂಶದಲ್ಲಿ ತಾನಾಗಿ ತುಂಬುವ ವಿವರಗಳು: ಯಾವುದು ಸರಿ, ಯಾವುದು ಬೇಡ

ಸಂಘ-ಸಂಸ್ಥೆಗಳು ದೇಣಿಗೆದಾರರ ಲೆಕ್ಕ ಇಡಲು ಬಳಸುವ ಸಿವಿಸಿಆರ್‌ಎಂ ಒಂದು ಮುಕ್ತ ತಂತ್ರಾಂಶ. ವರ್ಡ್‌ಪ್ರೆಸ್, ಡ್ರುಪಲ್, ಜೂಮ್ಲಾ ಜಾಲತಾಣಗಳೊಳಗೆ ಇದನ್ನು ಅಳವಡಿಸಬಹುದು. ಶಾಖೆ, ರಸೀದಿಯ ಭಾಷೆ, ದೇಣಿಗೆಯ ಬಗೆ ಮುಂತಾದ ನಮ್ಮದೇ ವಿವರಗಳಿಗೆ ಕಸ್ಟಮ್ ಫೀಲ್ಡ್ ಮಾಡಿಕೊಳ್ಳುವ ಅವಕಾಶ ಇದರಲ್ಲಿದೆ.

ಫೀಲ್ಡ್ ರಚಿಸುವಾಗಲೇ ಡೀಫಾಲ್ಟ್ ಮೌಲ್ಯ ಕೊಡಬಹುದು. ಆದರೆ ಅದು ಎಲ್ಲರಿಗೂ ಒಂದೇ. ಕಾಸರಗೋಡು, ಹೊಸೂರು, ಸೊಲ್ಲಾಪುರದವರು ಒಂದೇ ತಂತ್ರಾಂಶ ಬಳಸುವಾಗ, ಲಾಗಿನ್ ಆದವರ ಶಾಖೆ ತಾನಾಗಿ ಬರಬೇಕಾದರೆ ಸಣ್ಣ ಪ್ರೋಗ್ರಾಂ ಬೇಕು.

ಕ್ರಮ ಹೀಗಿದೆ:

1. ಪುಟ್ಟ ಎಕ್ಸ್‌ಟೆನ್ಷನ್ ಮಾಡಿ, ಅದರಲ್ಲಿ ‘ಬಿಲ್ಡ್‌ಫಾರ್ಮ್’ ಹುಕ್ ಬರೆಯಿರಿ. ಫಾರ್ಮ್ ಸಿದ್ಧವಾಗುವಾಗ ಇದು ಓಡುತ್ತದೆ.

2. ಅದು ಹೊಸ ದಾಖಲೆಯೇ ಎಂದು ಮೊದಲು ಪರೀಕ್ಷಿಸಿ. ಇಲ್ಲವಾದರೆ ಹಳೆಯ ದಾಖಲೆ ತಿದ್ದಲು ತೆರೆದಾಗ, ಅದರಲ್ಲಿದ್ದ ಮೌಲ್ಯದ ಜಾಗದಲ್ಲಿ ಡೀಫಾಲ್ಟ್ ಕಾಣಿಸಿಕೊಂಡು, ಸೇವ್ ಒತ್ತಿದೊಡನೆ ಅದೇ ಉಳಿದುಬಿಡುತ್ತದೆ.

3. ‘ಸೆಟ್‌ಡೀಫಾಲ್ಟ್ಸ್’ ಮೂಲಕ ಮೌಲ್ಯ ಕೊಡಿ. ಫೀಲ್ಡಿನ ಹೆಸರಿನಲ್ಲಿ ಅದರ ಐಡಿ ಸಂಖ್ಯೆ ಇರುತ್ತದೆ; ಹೊಸ ದಾಖಲೆಯ ಪರದೆಗಳಲ್ಲಿ ಸಾಮಾನ್ಯವಾಗಿ ಕೊನೆಗೆ ‘-1’ ಸೇರಿರುತ್ತದೆ. ಆಯ್ಕೆಪಟ್ಟಿಯಾದರೆ ಕಾಣುವ ಪದವನ್ನಲ್ಲ, ಒಳಗೆ ಉಳಿಸಿದ ಮೌಲ್ಯವನ್ನೇ ಕೊಡಬೇಕು.

ಎಕ್ಸೆಲ್ ಪಟ್ಟಿಯಿಂದ ಆಮದು ಮಾಡುವ ದಾಖಲೆಗಳು ಈ ಫಾರ್ಮ್ ಮೂಲಕ ಹಾದುಹೋಗುವುದಿಲ್ಲ. ಅವುಗಳ ಶಾಖೆಯನ್ನು ಪಟ್ಟಿಯಲ್ಲೇ ಒಂದು ಕಾಲಂ ಮಾಡಿ ತುಂಬಿ.

ಮುಖ್ಯವಾದ ಎಚ್ಚರಿಕೆ ಇನ್ನೊಂದಿದೆ. ಶಾಖೆಯಂತಹ, ಕಚೇರಿಗೆ ಗೊತ್ತಿರುವ ವಿವರಕ್ಕೆ ಡೀಫಾಲ್ಟ್ ಸರಿ. ದೇಣಿಗೆದಾರರೇ ಹೇಳಬೇಕಾದ ವಿವರಕ್ಕೆ ಬೇಡ. ಉದಾಹರಣೆಗೆ, ಆದಾಯ ತೆರಿಗೆ ನಿಯಮದಂತೆ ‘ಕಾರ್ಪಸ್’ ದೇಣಿಗೆ, ಅಂದರೆ ಮೂಲನಿಧಿ, ಕೊಟ್ಟವರ ನಿರ್ದಿಷ್ಟ ಸೂಚನೆಯಿಂದ ಮಾತ್ರ ಆಗುತ್ತದೆ. 2021–22ನೇ ಹಣಕಾಸು ವರ್ಷದ ದೇಣಿಗೆಗಳಿಂದ ಜಾರಿಗೆ ಬಂದ 80ಜಿ ದೇಣಿಗೆಗಳ ವಾರ್ಷಿಕ ವಿವರಣೆ, ನಮೂನೆ 10ಬಿಡಿ, ಪ್ರತಿ ದೇಣಿಗೆಯ ಬಗೆಯನ್ನು ಕೇಳುತ್ತದೆ. ಫಾರ್ಮ್ ತಾನಾಗಿ ‘ಕಾರ್ಪಸ್’ ಎಂದು ತುಂಬಿದರೆ, ದಾನಿ ಹೇಳದ ಮಾತು ಇಲಾಖೆಯ ದಾಖಲೆಯಲ್ಲಿ ಸೇರಿದಂತಾಗುತ್ತದೆ. ಅಂಥ ಫೀಲ್ಡನ್ನು ಖಾಲಿ ಬಿಟ್ಟು ಕಡ್ಡಾಯ ಮಾಡಿ. ರಸೀದಿ ಬರೆಯುವವರು ಕೇಳಿಯೇ ತುಂಬುತ್ತಾರೆ. ರಸೀದಿಯ ಭಾಷೆಗೂ ಇದೇ ಮಾತು: ಕನ್ನಡ ಮೊದಲು ಕಾಣಲಿ, ಬದಲಿಸುವ ಅವಕಾಶವೂ ಇರಲಿ.

ಎಲ್ಲ ಶಾಖೆಗಳಿಗೂ ಜಾರಿ ಮಾಡುವ ಮುನ್ನ ಪರೀಕ್ಷಾ ಪ್ರತಿಯಲ್ಲಿ ಒಂದು ಹೊಸ ದಾಖಲೆ ಸೇರಿಸಿ, ಒಂದು ಹಳೆಯದನ್ನು ತೆರೆದು ಸೇವ್ ಮಾಡಿ ನೋಡಿ. ಹಳೆಯದು ಬದಲಾಗದೆ ಉಳಿದರೆ ಮುಂದುವರಿಯಬಹುದು.